ರೋಯಿಂಗ್ ಯಂತ್ರದಲ್ಲಿ ಮೂರು ವಾರ: ಸೊಂಟ ನೋಯುತ್ತಿದೆ, ತಪ್ಪು ಎಲ್ಲಿ?

ಸಾಗರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಸಾಗರದಲ್ಲಿ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಲೆಕ್ಕಶಾಸ್ತ್ರ ಪಾಠ ಮಾಡುತ್ತೇನೆ. ಏಪ್ರಿಲ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ, 6.2 ಬಂತು. ಇನ್ನೂ ಮಾತ್ರೆ ಬೇಡ, ದಿನವೂ ಬೆವರು ಬರುವಷ್ಟು ನಡೆಯಿರಿ ಎಂದು ವೈದ್ಯರು ಹೇಳಿದರು. ಎರಡು ತಿಂಗಳು ಇಕ್ಕೇರಿ ರಸ್ತೆಯಲ್ಲಿ ತಪ್ಪದೆ ನಡೆದೆ. ಜೂನ್ ನಡುವಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಡೆ ಇದ್ದರೂ ಮೊಣಕಾಲಿನವರೆಗೆ ನೆನೆಯುತ್ತದೆ, ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟಿ ಜಾರುತ್ತದೆ. ನಡಿಗೆ ನಿಂತುಹೋಯಿತು.

ಬೆಂಗಳೂರಿನಲ್ಲಿದ್ದ ಮೈದುನ ಜರ್ಮನಿಗೆ ಹೋಗುವಾಗ ತನ್ನ ರೋಯಿಂಗ್ ಯಂತ್ರವನ್ನು ನಮ್ಮ ಮನೆಗೆ ಕಳುಹಿಸಿದ್ದ. ಜಾರುವ ಸೀಟಿನಲ್ಲಿ ಕುಳಿತು, ದೋಣಿಗೆ ಹುಟ್ಟು ಹಾಕುವ ಹಾಗೆ ಸರಪಳಿಯ ಹಿಡಿಕೆ ಹಿಡಿದು ಹಿಂದೆ ಮುಂದೆ ಹೋಗುವ ಯಂತ್ರ. ಗಾಳಿಚಕ್ರದ್ದು, ಪಕ್ಕದಲ್ಲಿ 1ರಿಂದ 10ರವರೆಗೆ ಲಿವರ್ ಇದೆ, ಮುಂದೆ ಅಂಕಿ ತೋರಿಸುವ ಪರದೆ ಇದೆ. ಎಂಟು ಅಡಿ ಉದ್ದ. ಮಹಡಿಯಲ್ಲಿ ಅಡಿಕೆ ಚೀಲಗಳನ್ನು ಸರಿಸಿ ಜಾಗ ಮಾಡಿದೆ. ಇಡೀ ದೇಹಕ್ಕೆ ವ್ಯಾಯಾಮ ಎಂದು ಕೇಳಿದ್ದರಿಂದ ಲಿವರನ್ನು ನೇರ 10ಕ್ಕೇ ಇಟ್ಟು ಶುರು ಮಾಡಿದೆ. ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ. ಪರದೆಯಲ್ಲಿ ನಿಮಿಷಕ್ಕೆ 33ರ ಸುತ್ತ ಸ್ಟ್ರೋಕ್ (ಒಂದು ಸಲ ಹಿಂದೆ ಹೋಗಿ ಮುಂದೆ ಬಂದರೆ ಒಂದು ಸ್ಟ್ರೋಕ್) ತೋರಿಸುತ್ತದೆ, 500 ಮೀಟರಿಗೆ 3 ನಿಮಿಷ 5 ಸೆಕೆಂಡ್. ಮುಗಿದಾಗ 3,240 ಮೀಟರ್ ಆಗಿರುತ್ತದೆ.

ಈಗ ಮೂರು ವಾರ ಕಳೆದಿದೆ. ಸೊಂಟದ ಕೆಳಭಾಗ ಬೆಳಗ್ಗೆ ಏಳುವಾಗ ಹಿಡಿದುಕೊಳ್ಳುತ್ತದೆ. ಬೆರಳುಗಳ ಬುಡದಲ್ಲಿ ಬೊಕ್ಕೆ ಎದ್ದು ಎರಡು ಒಡೆದಿವೆ. ಹಿಂದಿನಿಂದ ಮುಂದಕ್ಕೆ ಬರುವಾಗ ಹಿಡಿಕೆ ಪ್ರತಿ ಸಲವೂ ಮಂಡಿಗೆ ತಾಗುತ್ತದೆ. ಅದನ್ನು ತಪ್ಪಿಸಲು ಮಂಡಿಯ ಮೇಲಿಂದ ಎತ್ತಿ ದಾಟಿಸುತ್ತಿದ್ದೇನೆ. ಎಡ ಮಂಡಿ ಮೆಟ್ಟಿಲು ಹತ್ತುವಾಗ ಮೊದಲಿನಿಂದಲೂ ಸ್ವಲ್ಪ ನೋಯುತ್ತಿತ್ತು. ಹೆಂಗಸರಿಗೆ ಇದು ಆಗದ ಯಂತ್ರ, ಮಾರಿಬಿಡು ಎನ್ನುತ್ತಾರೆ ನಮ್ಮ ಅತ್ತೆಯವರು. ನನಗೆ ಬಿಡಲು ಮನಸ್ಸಿಲ್ಲ. ಮಳೆ ಇನ್ನೂ ಎರಡು ತಿಂಗಳು ಇದೆ. ಬಲ್ಲವರು ದಯವಿಟ್ಟು ತಿಳಿಸಿ: ಇದು ನನ್ನ ವಯಸ್ಸಿಗೆ ಹೊಂದುವುದಿಲ್ಲವೇ, ಅಥವಾ ನಾನು ಮಾಡುವ ರೀತಿಯೇ ತಪ್ಪೇ?

ಜಯನಗರದವನು

ಲಿವರನ್ನು ಇಂದೇ 4ಕ್ಕೆ ಇಳಿಸಿ. ನಾನೂ ಜಿಮ್ಮಿನಲ್ಲಿ ಮೊದಲ ದಿನ 10ಕ್ಕೆ ಇಟ್ಟು ಹತ್ತು ದಿನ ಮಲಗಿದ್ದೆ. ಬೊಕ್ಕೆಗೆ ಕೈಗವಸು ಹಾಕಿಕೊಂಡರೆ ಬೇಗ ವಾಸಿ.

ನಿವೃತ್ತ ಸೈನಿಕ, ಹಾಸನ

ಮೇಡಂ, ಯಂತ್ರದಲ್ಲೂ ತಪ್ಪಿಲ್ಲ, ನಿಮ್ಮ ವಯಸ್ಸಿನಲ್ಲೂ ತಪ್ಪಿಲ್ಲ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ. ಸೈನ್ಯದಲ್ಲಿದ್ದಾಗ ಆರು ವರ್ಷ ಪುಣೆಯಲ್ಲಿ ದೋಣಿಗೆ ಹುಟ್ಟು ಹಾಕಿದ್ದೇನೆ, ಅಷ್ಟೇ ವರ್ಷ ಈ ಯಂತ್ರದ ಮೇಲೂ ಕುಳಿತಿದ್ದೇನೆ. ನಾವು ಇದನ್ನು ಎರ್ಗೊ ಎನ್ನುತ್ತಿದ್ದೆವು. ಈಗ 54 ವರ್ಷ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಇಟ್ಟುಕೊಂಡಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಅರ್ಧ ಹೇಳಿದರೆ ನಿಮ್ಮ ಸೊಂಟಕ್ಕೆ ಅಪಾಯ.

ಮೊದಲನೆಯದು, ನೋವು ಪೂರ್ತಿ ಇಳಿಯುವವರೆಗೆ ಯಂತ್ರ ಮುಟ್ಟಬೇಡಿ. ನೋವು ಪೃಷ್ಠದಿಂದ ಕಾಲಿಗೆ ಇಳಿಯುತ್ತಿದ್ದರೆ, ಪಾದದಲ್ಲಿ ಜೋಮು ಇದ್ದರೆ, ಈ ಚರ್ಚೆಯನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಿ. ಬರೀ ಹಿಡಿತವಾಗಿದ್ದರೆ ವಿಶ್ರಾಂತಿಗೆ ಬಗ್ಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಿಮಿಷಕ್ಕೆ 33ರಂತೆ 20 ನಿಮಿಷಕ್ಕೆ 660 ಸ್ಟ್ರೋಕ್. ಹೋದ ದೂರ 3,240 ಮೀಟರ್. ಒಂದು ಸ್ಟ್ರೋಕಿಗೆ ಐದು ಮೀಟರೂ ದಕ್ಕಲಿಲ್ಲ. ಅದೇ ದೂರವನ್ನು ಅದೇ ಸಮಯದಲ್ಲಿ ನಿಮಿಷಕ್ಕೆ 20 ಸ್ಟ್ರೋಕಿನಿಂದ ಮುಗಿಸಬಹುದು. ಆಗ 400 ಸಾಕು, ಒಂದೊಂದಕ್ಕೆ ಎಂಟು ಮೀಟರ್. ಅಂದರೆ ದಿನವೂ 260 ಬಾರಿ ನೀವು ಸೊಂಟವನ್ನು ಏನೂ ಗಳಿಸದೆ ಬಗ್ಗಿಸಿ ಎತ್ತಿದ್ದೀರಿ, ಅದೂ 10ರ ಭಾರದಲ್ಲಿ. ಸೊಂಟ ದೂರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಲಿವರ್ ಏನೆಂದು ತಿಳಿದರೆ ಯಾರೂ ಅದನ್ನು 10ಕ್ಕೆ ಇಡುವುದಿಲ್ಲ. ಡಿಕ್ ಮತ್ತು ಪೀಟ್ ಡ್ರೈಸಿಗಾಕರ್ ಎಂಬ ಅಮೆರಿಕದ ಅಣ್ಣ ತಮ್ಮ 1981ರಲ್ಲಿ ತಮ್ಮ ಮೊದಲ ಗಾಳಿಚಕ್ರದ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು ಸೈಕಲ್ ಚಕ್ರ, ಅದಕ್ಕೆ ಗಾಳಿ ಬಡಿಯಲು ಕಟ್ಟಿದ ರೆಕ್ಕೆಗಳು. ಇಂದಿಗೂ ತತ್ವ ಅದೇ. ಚಕ್ರ ತಿರುಗುವಾಗ ಗಾಳಿಯನ್ನು ತಳ್ಳುತ್ತದೆ, ಗಾಳಿ ಅದನ್ನು ತಡೆಯುತ್ತದೆ. ಲಿವರ್ ಮೇಲಕ್ಕೆ ಹೋದಂತೆ ಪೆಟ್ಟಿಗೆಯೊಳಗೆ ಹೆಚ್ಚು ಗಾಳಿ ನುಗ್ಗುತ್ತದೆ. ಆಗ ಎರಡು ಸ್ಟ್ರೋಕ್‌ಗಳ ನಡುವೆ ಚಕ್ರ ಬೇಗ ನಿಧಾನವಾಗುತ್ತದೆ, ನೀವು ಪ್ರತಿ ಸಲವೂ ಸತ್ತ ಚಕ್ರವನ್ನು ಮತ್ತೆ ಎಬ್ಬಿಸಬೇಕಾಗುತ್ತದೆ. ಮರಳು ತುಂಬಿದ ದೋಣಿಯನ್ನು ದಡದಿಂದ ನೂಕಿದ ಹಾಗೆ. ಲಿವರ್ 3 ಅಥವಾ 4ರಲ್ಲಿದ್ದರೆ ತೆಳ್ಳನೆಯ ಸ್ಪರ್ಧೆಯ ದೋಣಿಯ ಹಾಗೆ ಚಕ್ರ ಓಡುತ್ತಲೇ ಇರುತ್ತದೆ, ನೀವು ಅದಕ್ಕೆ ವೇಗ ಸೇರಿಸಿದರೆ ಸಾಕು. ವ್ಯಾಯಾಮ ಎಷ್ಟು ಕಠಿಣವಾಗಬೇಕು ಎಂಬುದನ್ನು ನಿಮ್ಮ ಕಾಲು ತೀರ್ಮಾನಿಸುತ್ತದೆ, ಲಿವರ್ ಅಲ್ಲ. ಪರದೆಯ ಮೆನುವಿನಲ್ಲಿ ಡ್ರ್ಯಾಗ್ ಫ್ಯಾಕ್ಟರ್ ಎಂದು ಒಂದು ಅಂಕಿ ಸಿಗುತ್ತದೆ, ಗಾಳಿ ಚಕ್ರವನ್ನು ನಿಜಕ್ಕೂ ಎಷ್ಟು ತಡೆಯುತ್ತಿದೆ ಎಂದು ಹೇಳುವ ಅಂಕಿ. ಅದು 110ರಿಂದ 120ರ ಒಳಗೆ ಬರುವಂತೆ ಲಿವರ್ ಇಡಿ. ಚಕ್ರದ ಜಾಲರಿಯಲ್ಲಿ ದೂಳು ಕಟ್ಟಿಕೊಂಡಿದ್ದರೆ 4ರಲ್ಲಿ ಬರಬೇಕಾದ ಅಂಕಿ 6ರಲ್ಲಿ ಬರಬಹುದು, ಆದ್ದರಿಂದ ಲಿವರಿನ ಸಂಖ್ಯೆಗಿಂತ ಈ ಅಂಕಿಯನ್ನೇ ನಂಬಿ.

ಇನ್ನು ಮುಖ್ಯವಾದ ಮಾತು. ನೋಡಿದವರಿಗೆ ಇದು ಕೈಯಿಂದ ಎಳೆಯುವ ಯಂತ್ರದಂತೆ ಕಾಣುತ್ತದೆ. ಎಳೆಯುವುದಲ್ಲ ಮೇಡಂ, ದೂಡುವುದು. ಪಾದಪಟ್ಟಿಯನ್ನು ಕಾಲಿನಿಂದ ದೂಡುವುದು. ಕೆಲಸದ ದೊಡ್ಡ ಪಾಲು ತೊಡೆಯದ್ದು, ಪೃಷ್ಠದ್ದು. ಬೆನ್ನು ಮತ್ತು ಹೊಟ್ಟೆ ಆ ಬಲವನ್ನು ಹಿಡಿಕೆಯವರೆಗೆ ಸಾಗಿಸುತ್ತವೆ, ತೋಳು ಕೊನೆಗೆ ಮುಗಿಸುತ್ತದೆ.

ನನಗೆ ಇದು ಹೇಳಿದರೆ ಅರ್ಥವಾಗಿರಲಿಲ್ಲ. ನಾನು ಚನ್ನರಾಯಪಟ್ಟಣದ ಕಡೆಯ ಒಣಭೂಮಿಯ ಹಳ್ಳಿಯವನು. ತೋಳಿನಲ್ಲಿ ಬಲವಿತ್ತು, ಅದನ್ನೇ ತೋರಿಸಲು ಹೋಗುತ್ತಿದ್ದೆ. ಒಂದು ದಿನ ನಮ್ಮ ಉಸ್ತಾದ್, ಅಂದರೆ ತರಬೇತಿ ಕೊಡುತ್ತಿದ್ದ ಗುರುಗಳು, ಚಕ್ರದ ಪಕ್ಕ ನಿಂತು ಹಿಡಿಕೆಯನ್ನು ತಮ್ಮ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು. ನಾನು ಮಂಡಿ ಮಡಿಸಿ ಮುಂದೆ ಕುಳಿತಿದ್ದೆ. ತೋಳು ಹಗ್ಗದ ಹಾಗೆ ನೇರವಾಗಿ ಬಿಡು, ಈಗ ನಿಧಾನವಾಗಿ ಕಾಲು ಒತ್ತು ಎಂದರು. ಒತ್ತಿದೆ. ಹಿಡಿಕೆ ಅಲುಗಲಿಲ್ಲ. ನನ್ನ ಕುಂಡೆ ಸೀಟಿನಿಂದ ಒಂದು ಬೆರಳಿನಷ್ಟು ಮೇಲೆದ್ದಿತು. ಮೈಯ ಇಡೀ ಭಾರ ಪಾದಕ್ಕೂ ಬೆರಳ ಕೊಕ್ಕೆಗಳಿಗೂ ನಡುವೆ ತೂಗಾಡುತ್ತಿತ್ತು, ಕಂಕುಳ ಕೆಳಗೆ ಬೆನ್ನಿನ ಎರಡೂ ಬದಿ ಬಿಗಿದಿತ್ತು, ಸೊಂಟದಲ್ಲಿ ಒಂದು ಚೂರೂ ನೋವಿರಲಿಲ್ಲ. ಇದೇ ಸ್ಟ್ರೋಕ್, ಉಳಿದದ್ದೆಲ್ಲ ಅಲಂಕಾರ ಎಂದರು ಉಸ್ತಾದ್. ನೋವು ಹೋದ ಮೇಲೆ ಮನೆಯಲ್ಲಿ ಯಾರಾದರೂ ಗಟ್ಟಿ ಕೈಯವರಿಂದ ಹಿಡಿಕೆ ಹಿಡಿಸಿ, ಬಹಳ ಮೆಲ್ಲಗೆ ಒತ್ತಿ ನೋಡಿ. ಮುಂದೆ ಪ್ರತಿ ಸ್ಟ್ರೋಕಿನ ಆರಂಭದಲ್ಲೂ ಆ ತೂಗುವಿಕೆಯನ್ನೇ ಹುಡುಕಬೇಕು.

ನಿಮ್ಮದು ಏನಾಗುತ್ತಿದೆ ಎಂದು ನೋಡದೆಯೂ ಹೇಳಬಲ್ಲೆ. ಕಾಲು ದೂಡುವ ಮೊದಲೇ ಬೆನ್ನು ಎತ್ತುತ್ತಿದ್ದೀರಿ. ಇಲ್ಲವೇ ಕಾಲು ದೂಡಿದಾಗ ಸೀಟು ಮಾತ್ರ ಹಿಂದೆ ಓಡಿ ಹಿಡಿಕೆ ಅಲ್ಲೇ ಉಳಿಯುತ್ತದೆ, ಆಮೇಲೆ ಅದನ್ನು ಬೆನ್ನಿನಿಂದ ಕಿತ್ತು ತರುತ್ತೀರಿ. ಎರಡರಲ್ಲೂ ಕಾಲಿನ ಕೆಲಸ ಸೊಂಟದ ಮೇಲೆ ಬೀಳುತ್ತದೆ. ಸರಿಯಾದ ಕ್ರಮ ಹೀಗೆ: ಹೋಗುವಾಗ ಕಾಲು, ಆಮೇಲೆ ಬೆನ್ನು, ಕೊನೆಗೆ ತೋಳು. ಬರುವಾಗ ತಲೆಕೆಳಗು: ತೋಳು ಚಾಚಿ, ಆಮೇಲೆ ಬೆನ್ನು ಮುಂದಕ್ಕೆ, ಕಡೆಗೆ ಮಂಡಿ ಮಡಿಸಿ. ಹಿಡಿಕೆ ಮಂಡಿಗೆ ತಾಗುವುದು ನೀವು ಮಂಡಿಯನ್ನು ಮೊದಲು ಮಡಿಸುವುದರಿಂದ. ಕೈ ಮಂಡಿಯನ್ನು ದಾಟಿದ ಮೇಲೆ ಮಂಡಿ ಏಳಲಿ. ಆಗ ಸರಪಳಿ ನೀರಿನ ಮಟ್ಟದಂತೆ ಒಂದೇ ಗೆರೆಯಲ್ಲಿ ಹೋಗಿ ಬರುತ್ತದೆ, ಎತ್ತಿ ದಾಟಿಸಬೇಕಾಗಿಲ್ಲ.

ಬಗ್ಗುವುದು ತೊಡೆಯ ಸಂದಿನಿಂದ, ಬೆನ್ನು ಗೂನಾಗಿ ಅಲ್ಲ. ಮುಂದಕ್ಕೆ ಬಂದಾಗ ಮೈ ಗಡಿಯಾರದ 1ರ ಕಡೆಗೆ, ಹಿಂದೆ ಹೋದಾಗ 11ರ ಕಡೆಗೆ ವಾಲಿದರೆ ಸಾಕು. ಪೂರ್ತಿ ಮುಂದೆ ಬಂದಾಗ ಮೊಣಕಾಲಿನ ಕೆಳಗಿನ ಮೂಳೆ ನೆಟ್ಟಗೆ ನಿಂತಿರಬೇಕು, ಅದಕ್ಕಿಂತ ಮುಂದಕ್ಕೆ ನುಗ್ಗಬೇಡಿ. ಪಾದವನ್ನು ಬಿಗಿಯುವ ಪಟ್ಟಿ ಕಾಲ್ಬೆರಳುಗಳ ಬುಡದ ಮೇಲೆ ಬರಲಿ.

ಕೈಗವಸಿನ ಸಲಹೆ ಕೊಟ್ಟವರು ಬೇಸರ ಮಾಡಿಕೊಳ್ಳಬಾರದು, ಆದರೆ ಬೊಕ್ಕೆ ಬರುವುದೇ ಹಿಡಿಕೆಯನ್ನು ಮುಷ್ಟಿ ಕಟ್ಟಿ ಹಿಂಡುವುದರಿಂದ. ಕೈಚೀಲ ಹಿಡಿದ ಹಾಗೆ ಬೆರಳುಗಳನ್ನು ಕೊಕ್ಕೆ ಮಾಡಿ, ಹೆಬ್ಬೆರಳು ಸಡಿಲವಾಗಿರಲಿ, ಮಣಿಕಟ್ಟು ನೇರವಾಗಿರಲಿ.

ಶುರು ಮಾಡುವಾಗ ಹತ್ತು ಸ್ಟ್ರೋಕ್ ಕಾಲು ಮಾತ್ರ, ತೋಳು ನೇರ, ಬೆನ್ನು ಮುಂದಕ್ಕೆ ವಾಲಿದಂತೆಯೇ. ಮತ್ತೆ ಹತ್ತು ಕಾಲು ಮತ್ತು ಬೆನ್ನು. ಆಮೇಲೆ ಪೂರ್ತಿ. ಮೊದಲ ವಾರ ಐದೈದು ನಿಮಿಷದ ಮೂರು ತುಂಡು, ನಡುವೆ ಎದ್ದು ಓಡಾಡಿ. ದಿನ ಬಿಟ್ಟು ದಿನ ಮಾಡಿ. ನಿಮಿಷಕ್ಕೆ 20 ದಾಟಬೇಡಿ. ಬಾಯಲ್ಲಿ ಎಣಿಸಿ: ದೂಡುವಾಗ ಒಂದು, ಬರುವಾಗ ಎರಡು, ಮೂರು. ದೂಡುವುದಕ್ಕೆ ಹಿಡಿದ ಸಮಯದ ಎರಡರಷ್ಟು ಸಮಯ ಹಿಂತಿರುಗುವುದಕ್ಕೆ. ನಿಧಾನವಾಗಿ ಬರುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು, ದೂಡುವುದನ್ನು ಕಲಿಯಲು ಮೂರು ತಿಂಗಳು.

ವಯಸ್ಸು, ಹೆಂಗಸು, ಸಾಗರ ಎಂದೆಲ್ಲ ಅಳುಕಬೇಡಿ. ದತ್ತು ಭೋಕನಾಳ್ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯಲ್ಲಿ ಹುಟ್ಟಿದವರು. ಸೈನ್ಯಕ್ಕೆ ಸೇರಿದ ಮೇಲೆಯೇ ಅವರು ಹುಟ್ಟು ಹಿಡಿದದ್ದು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಒಬ್ಬರೇ ದೋಣಿ ನಡೆಸಿ 13ನೆಯವರಾದರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಇನ್ನು ಮೂವರ ಜೊತೆ ಚಿನ್ನ ಗೆದ್ದರು. ನೀರು ಕಾಣದ ಊರಿನವರಿಗೆ ಬಂದ ವಿದ್ಯೆ, ನಾಲ್ಕು ತಿಂಗಳು ನೀರಲ್ಲೇ ನಿಂತಿರುವ ಊರಿನವರಿಗೆ ಬಾರದೇ?

ಫಿಸಿಯೊಥೆರಪಿಸ್ಟ್, ಮೈಸೂರು

ಸೈನಿಕ ಸರ್ ಹೇಳಿದ್ದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ಮಂಡಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಓಡುವಾಗ ಆಗುವಂತೆ ಇಲ್ಲಿ ಪಾದ ನೆಲಕ್ಕೆ ಬಡಿಯುವುದಿಲ್ಲ, ಅದು ಮಂಡಿಗೆ ಒಳ್ಳೆಯದು. ಆದರೆ ಮುಂದಕ್ಕೆ ಬಂದಾಗ ಮಂಡಿ ಬಹಳ ಮಡಿಯುತ್ತದೆ. ಮೆಟ್ಟಿಲಲ್ಲಿ ನೋಯುವ ಮಂಡಿಗೆ ಆ ಕೊನೆಯ ಭಾಗವೇ ಕಷ್ಟ. ಆರಂಭದಲ್ಲಿ ಮಂಡಿ ಕುರ್ಚಿಯಲ್ಲಿ ಕುಳಿತಷ್ಟು ಮಡಿದರೆ ಸಾಕು, ಅಲ್ಲಿಂದಲೇ ದೂಡಿ. ನೋವಿಲ್ಲದಿದ್ದರೆ ವಾರ ವಾರಕ್ಕೆ ಸ್ವಲ್ಪ ಮುಂದಕ್ಕೆ ಬನ್ನಿ.

ಇಡೀ ದೇಹದ ವ್ಯಾಯಾಮ ಎಂಬ ಮಾತು ಪೂರ್ತಿ ಸರಿಯಲ್ಲ. ಕಾಲು, ಪೃಷ್ಠ, ಬೆನ್ನು, ಹೊಟ್ಟೆ, ಹೃದಯ, ಶ್ವಾಸಕೋಶ, ಇಷ್ಟಕ್ಕೂ ಇದು ಬಹಳ ಒಳ್ಳೆಯದು. ಒಂದೇ ಸಲಕ್ಕೆ ಇಷ್ಟು ದೊಡ್ಡ ಸ್ನಾಯುಗಳು ದುಡಿಯುವುದರಿಂದ ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ನಿಮಗೆ ಬೇಕಾದದ್ದೂ ಅದೇ. ಆದರೆ ಮೈಯಿಂದ ದೂರಕ್ಕೆ ಕೈಯಿಂದ ತಳ್ಳುವ ಕೆಲಸ, ಅಂದರೆ ಎದೆ ಮತ್ತು ತೋಳಿನ ಹಿಂಭಾಗದ್ದು, ಇದರಲ್ಲಿ ಇಲ್ಲವೇ ಇಲ್ಲ. ಗೋಡೆಗೆ ಕೈಯಿಟ್ಟು ಹತ್ತು ಹದಿನೈದು ಬಾರಿ ತಳ್ಳುವ ದಂಡ ಮಾಡಿ. ಇನ್ನೊಂದು ಮೂಳೆಯ ವಿಷಯ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಂತೆ ಮೂಳೆ ಸವೆಯುವುದು ಹೆಚ್ಚುತ್ತದೆ. ಮೂಳೆಗೆ ನಿಂತು ಹೊರುವ ಭಾರ ಬೇಕು. ಇದು ಕುಳಿತು ಮಾಡುವ ವ್ಯಾಯಾಮ. ಮಳೆ ಬಿಟ್ಟ ಮೇಲೆ ಇಕ್ಕೇರಿ ರಸ್ತೆಯನ್ನು ಬಿಡಬೇಡಿ. ಅಲ್ಲಿಯವರೆಗೆ ಎರಡು ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದನ್ನು ರೂಢಿಸಿಕೊಳ್ಳಿ.

ಸಾಗರದ ಉಪನ್ಯಾಸಕಿ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಎಂಟು ದಿನ ಯಂತ್ರ ಮುಟ್ಟಲಿಲ್ಲ, ಹಿಡಿತ ಹೋಯಿತು. ಕಾಲಿಗೆ ಇಳಿಯುವ ನೋವು ಇರಲಿಲ್ಲ.

ಮಗನಿಂದ ಹಿಡಿಕೆ ಹಿಡಿಸಿ ನೋಡಿದೆ. ಮೊದಲ ಎರಡು ಸಲ ತೋಳು ತಾನಾಗಿಯೇ ಮಡಿಯಿತು. ಮೂರನೆಯ ಸಲ ತೋಳು ಬಿಟ್ಟುಕೊಟ್ಟೆ, ಸೀಟಿನಿಂದ ಮೈ ಹಗುರಾಗಿ ಎದ್ದಿತು. ಸರ್, ಆ ಕ್ಷಣ ನನಗೆ ಎಷ್ಟು ಸಂತೋಷವಾಯಿತೆಂದರೆ ಮಗನಿಗೆ ಇನ್ನೂ ಐದು ಸಲ ಹಿಡಿಯಲು ಹೇಳಿದೆ. ಮೂರು ವಾರ ನಾನು ದೂಡಿಯೇ ಇರಲಿಲ್ಲ ಎಂದು ಆಗ ತಿಳಿಯಿತು.

ಲಿವರ್ 5ರಲ್ಲಿ ಡ್ರ್ಯಾಗ್ 94 ತೋರಿಸಿತು. ಜಾಲರಿಯ ಸಂದಿನಿಂದ ದೂಳು ಮತ್ತು ಅಡಿಕೆ ಸಿಪ್ಪೆಯ ನಾರನ್ನು ವ್ಯಾಕ್ಯೂಮ್ ಯಂತ್ರದಿಂದ ತೆಗೆದ ಮೇಲೆ ಅದೇ ಲಿವರಿನಲ್ಲಿ 121 ಬಂತು. 4ಕ್ಕೆ ಇಳಿಸಿ 112ರಲ್ಲಿ ಇಟ್ಟಿದ್ದೇನೆ. ನಿನ್ನೆ 20 ನಿಮಿಷಕ್ಕೆ 400 ಸ್ಟ್ರೋಕ್, 3,370 ಮೀಟರ್, 500ಕ್ಕೆ 2 ನಿಮಿಷ 58 ಸೆಕೆಂಡ್. ಒಂದು ಸ್ಟ್ರೋಕಿಗೆ 8.4 ಮೀಟರ್. ಹಿಡಿಕೆ ಮಂಡಿಗೆ ತಾಗುತ್ತಿಲ್ಲ, ಅಂಗೈಯಲ್ಲಿ ಹೊಸ ಚರ್ಮ ಬಂದಿದೆ. ಮಂಡಿಯನ್ನು ಫಿಸಿಯೊ ಮೇಡಂ ಹೇಳಿದಷ್ಟೇ ಮಡಿಸುತ್ತಿದ್ದೇನೆ. ಅತ್ತೆಯವರು ಈಗ ಮಹಡಿಗೆ ಬಂದು ಎದುರು ಕುಳಿತು ಹತ್ತಿ ಬತ್ತಿ ಹೊಸೆಯುತ್ತಾರೆ. ನಾನು ಬೇಗ ಮುಂದಕ್ಕೆ ಬಂದರೆ ಎರಡು, ಮೂರು ಎಂದು ಅವರೇ ನೆನಪಿಸುತ್ತಾರೆ.

ಇನ್ನೆರಡು ಪ್ರಶ್ನೆ. 500 ಮೀಟರಿಗೆ ಎರಡೂವರೆ ನಿಮಿಷ ತಲುಪಲು ಎಷ್ಟು ದಿನ ಬೇಕು? ಸೀಟು ಓಡುವ ಹಳಿಯ ಮೇಲೆ ಕಪ್ಪು ಗೆರೆಗಳು ಮೂಡಿವೆ, ಸರಪಳಿ ಕಿರುಗುಟ್ಟುತ್ತಿದೆ. ಮಳೆಗೆ ತುಕ್ಕು ಹಿಡಿಯಿತೇ? ಕೊಬ್ಬರಿ ಎಣ್ಣೆ ಹಾಕಬಹುದೇ?

ನಿವೃತ್ತ ಸೈನಿಕ, ಹಾಸನ

ಮೇಡಂ, ನಿಮ್ಮ ಅಂಕಿಗಳನ್ನು ಎರಡು ಸಲ ಓದಿದೆ. ಬಹಳ ಸಂತೋಷ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಅವರು ಮಾಡುತ್ತಿರುವುದು ಉಸ್ತಾದನ ಕೆಲಸ.

ಎರಡೂವರೆ ನಿಮಿಷಕ್ಕೆ ದಿನ ಎಣಿಸಬೇಡಿ. ಗಾಳಿಯ ತಡೆ ವೇಗದ ಜೊತೆ ಸಮನಾಗಿ ಏರುವುದಿಲ್ಲ, ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುತ್ತದೆ. 500ಕ್ಕೆ 3 ನಿಮಿಷ ಎಂದರೆ 60 ವ್ಯಾಟ್. ಎರಡೂವರೆ ನಿಮಿಷ ಎಂದರೆ 104 ವ್ಯಾಟ್. 2 ನಿಮಿಷ ಎಂದರೆ 200 ದಾಟುತ್ತದೆ. ನೀವು ಈಗ 62ರಲ್ಲಿ ಇದ್ದೀರಿ. ಮೊದಲು ಸಮಯ ಬೆಳೆಸಿ: 20ರಿಂದ 25, 25ರಿಂದ 30 ನಿಮಿಷ, ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟೇ ಏದುಸಿರು. ವಾರದಲ್ಲಿ ಒಂದು ದಿನ ಮಾತ್ರ ಒಂದೊಂದು ನಿಮಿಷದ ಆರು ತುಂಡು ಗಟ್ಟಿಯಾಗಿ ದೂಡಿ, ಆಗ ನಿಮಿಷಕ್ಕೆ 24ರವರೆಗೆ ಹೋಗಬಹುದು. ಸೊಂಟ ಎಚ್ಚರಿಸಿದರೆ ಆ ತುಂಡು ಅಲ್ಲಿಗೇ ನಿಲ್ಲಲಿ.

ಕಪ್ಪು ಗೆರೆ ತುಕ್ಕಲ್ಲ. ಸೀಟಿನ ಚಕ್ರಗಳಿಂದ ಬಿದ್ದ ಪುಡಿ, ದೂಳು, ಬೆವರು ಸೇರಿ ಕಟ್ಟಿದ ಕೊಳೆ. ದಿನವೂ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ, ಹೋಗುತ್ತದೆ. ಸರಪಳಿಗೆ ಕೊಬ್ಬರಿ ಎಣ್ಣೆ ಖಂಡಿತ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ದೂಳು ಹಿಡಿದು ಜಿಗುಟಾಗುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಒಂದು ಚಮಚದಷ್ಟು ಕಾಗದದ ಟವೆಲ್ಲಿಗೆ ಸುರಿದು, ಸರಪಳಿಯನ್ನು ಪೂರ್ತಿ ಹೊರಗೆಳೆದು ಉದ್ದಕ್ಕೂ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಸುಮಾರು 50 ಗಂಟೆ ಬಳಸಿದ ಮೇಲೆ ಮತ್ತೊಮ್ಮೆ ಮಾಡಿದರೆ ಸಾಕು, ಆದರೆ ನಿಮ್ಮ ಊರಿನ ಥಂಡಿಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ. ಮತ್ತೊಂದು: ಮುಗಿದ ಮೇಲೆ ಹಿಡಿಕೆಯನ್ನು ನಡುವಿನ ಕೊಕ್ಕೆಯಲ್ಲಿ ಸಿಕ್ಕಿಸಿ ಬಿಡಬೇಡಿ. ಪೂರ್ತಿ ಒಳಗೆ, ಚಕ್ರದ ಪೆಟ್ಟಿಗೆಗೆ ತಾಗುವವರೆಗೆ ಹೋಗಲಿ. ಇಲ್ಲದಿದ್ದರೆ ಒಳಗಿನ ರಬ್ಬರ್ ಹಗ್ಗ ರಾತ್ರಿಯಿಡೀ ಎಳೆದುಕೊಂಡೇ ಇದ್ದು ಬೇಗ ಸಡಿಲವಾಗುತ್ತದೆ.